ಜಾಗ ಕೊಳ್ಳುವ ಮೊದಲು ಅಲ್ಲೇ ಗಾಡಿ ನಿಲ್ಲಿಸಿ ಮಳೆಗಾಲ ಕಳೆದೆವು

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ನಾನೂ ಹೆಂಡತಿಯೂ ಟೆಂಪೋ ಟ್ರಾವೆಲರ್‌ನಲ್ಲೇ ಸಂಸಾರ ಹೂಡಿದಾಗ ಎಲ್ಲರೂ ಕೇಳಿದ್ದು ಒಂದೇ: ಸ್ನಾನ, ಪಾಯಿಖಾನೆಗೆ ಏನು ಮಾಡ್ತೀರಿ? ಅದೇನು ದೊಡ್ಡ ಸಂಗತಿ ಅಲ್ಲ. ಹೊರಗೆ ತೆಗೆದು ತೊಳೆಯುವ ಕ್ಯಾಸೆಟ್ ಟಾಯ್ಲೆಟ್ ಇತ್ತು, ದಾರಿಯುದ್ದಕ್ಕೂ ಪೆಟ್ರೋಲ್ ಬಂಕ್‌ಗಳಿದ್ದವು. ಕಷ್ಟ ಕೊಟ್ಟದ್ದು ಅಡುಗೆ, ಅದಕ್ಕಿಂತ ಜಾಸ್ತಿ ನಮ್ಮ ಕರಾವಳಿಯ ಮಳೆ.

ಕಾಗದಪತ್ರದ್ದು ಬೇಗ ಹೇಳಿ ಮುಗಿಸುತ್ತೇನೆ. ಸೀಟು ಕಿತ್ತು ಮಂಚ ಹಾಕಿಸಿ ಹೊರಟರೆ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಸ್ವರೂಪ ಬದಲಿಸಲು ಅನುಮತಿ ಬೇಕು. ಮೋಟಾರ್ ಕ್ಯಾರವಾನ್‌ಗೆ, ಅಂದರೆ ಒಳಗೇ ವಾಸ ಮಾಡುವ ಇಂಥ ಗಾಡಿಗೆ, ಎಐಎಸ್-124 ಅಂತ ಬೇರೆ ಮಾನದಂಡವೇ ಉಂಟು. ಆರ್‌ಸಿಯಲ್ಲಿ ಬದಲಾವಣೆ ನಮೂದಾಗುವ ತನಕ ಬಾಡಿ ಕಟ್ಟುವವರಿಗೆ ಕೊನೆಯ ಕಂತು ಕೊಡಬೇಡಿ.

ಇನ್ನು ಅಡುಗೆ. ಕುಚ್ಚಲಕ್ಕಿ ಅನ್ನ ಇಲ್ಲದೆ ನನಗೆ ಊಟ ಇಳಿಯುವುದಿಲ್ಲ. ಆದರೆ 5 ಕಿಲೋ ಸಿಲಿಂಡರ್ ಇಟ್ಟುಕೊಂಡು ದಿನಾ ಕುಚ್ಚಲಕ್ಕಿ ಬೇಯಿಸಿದರೆ ಗ್ಯಾಸ್ ಎಲ್ಲಿ ಸಾಕಾಗುತ್ತದೆ? ಹೆಂಡತಿ ದಾರಿ ಹುಡುಕಿದಳು. ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಒಂದು ಕುದಿ ಬರಿಸಿ, ಪಾತ್ರೆಯನ್ನು ಬಿಸಿ ಹಿಡಿದಿಡುವ ಡಬ್ಬಿಯೊಳಗೆ ಇಟ್ಟು ಮುಚ್ಚಿಬಿಡುವುದು. ಮಧ್ಯಾಹ್ನ ಗಾಡಿ ನಿಲ್ಲಿಸುವ ಹೊತ್ತಿಗೆ ಅನ್ನ ತಾನಾಗಿ ಬೆಂದಿರುತ್ತಿತ್ತು. ಬಂಗುಡೆ ಹುರಿಯುವುದಾದರೆ ಮಾತ್ರ ಒಲೆ ಹೊರಗೆ, ಹಿಂದಿನ ಬಾಗಿಲ ಹತ್ತಿರ. ಒಳಗೆ ಹುರಿದರೆ ವಾರಗಟ್ಟಲೆ ಪರದೆ, ದಿಂಬು ಎಲ್ಲ ಬಂಗುಡೆಯೇ.

ಮಳೆಗಾಲ ಬೇರೆಯೇ ಕತೆ. ಏಪ್ರಿಲ್‌ನಲ್ಲಿ ಫ್ರಿಜ್ಜು, ಫ್ಯಾನು, ಲ್ಯಾಪ್‌ಟಾಪು ಎಲ್ಲವನ್ನೂ ಆರಾಮಾಗಿ ಎಳೆಯುತ್ತಿದ್ದ ಸೋಲಾರ್, ಜುಲೈ ಮೋಡದಲ್ಲಿ ಫ್ರಿಜ್ಜಿಗೂ ಸಾಲದು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಆಗುವ ಹಾಗೆ ಮಾಡಿಸಿದ್ದರಿಂದ, ಸುಮ್ನೆ ಕುಂದಾಪುರದ ತನಕ ಹೋಗಿ ಬಂದ ದಿನಗಳೂ ಉಂಟು. ಕಿಟಕಿ ತೆರೆದರೆ ಎರಚಲು, ಮುಚ್ಚಿದರೆ ನಮ್ಮ ಉಸಿರೇ ತಗಡಿನ ಮೇಲೆ ನೀರಾಗಿ ಇಳಿಯುತ್ತದೆ. ಹಾಸಿಗೆಯ ಅಡಿಗೆ ಗಾಳಿ ಆಡದಿದ್ದರೆ ಬೂಷ್ಟು ಗ್ಯಾರಂಟಿ. ಹಾಗಾಗಿ ಹಲಗೆ ತೆಗೆಸಿ, ನಡುವೆ ಸಂದು ಬಿಟ್ಟು ಪಟ್ಟಿ ಹೊಡೆಸಿದೆವು.

ಇಷ್ಟೆಲ್ಲ ಆದ ಮೇಲೆ, ಅಮ್ಮನಿಗೂ ವಯಸ್ಸಾಯಿತು, ಉಡುಪಿ ಹತ್ತಿರ ಒಂದು ಜಾಗ ನೋಡುವ ಅಂತ ಹೊರಟೆವು. ಗಾಡಿ ನಿಜವಾಗಿ ಉಪಕಾರಕ್ಕೆ ಬಂದದ್ದು ಆಗಲೇ. ಇಲ್ಲಿ ಬ್ರೋಕರ್‌ಗಳು ಜಾಗ ತೋರಿಸುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಆಗ ಎಲ್ಲ ಬಾವಿಯಲ್ಲೂ ನೀರು, ಎಲ್ಲ ಜಾಗವೂ ಹಸಿರು. ನೋಡಬೇಕಾದದ್ದು ಮೇ ತಿಂಗಳಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ. ನಾವು ಯಜಮಾನರನ್ನು ಕೇಳಿ, ಸ್ವಲ್ಪ ಬಾಡಿಗೆ ಕೊಟ್ಟು, ಕೊಳ್ಳಬೇಕೆಂದಿದ್ದ ಜಾಗದಲ್ಲೇ ಗಾಡಿ ನಿಲ್ಲಿಸಿ ಉಳಿದೆವು.

ಕಾಪು ಕಡಲ ಬದಿಯದ್ದು ನೋಡಲಿಕ್ಕೆ ಚಂದ. ಆದರೆ ಬಾಗಿಲ ಹಿಂಜು, ನಟ್ಟು, ಬೋಲ್ಟು ಎಲ್ಲಕ್ಕೂ ಕೆಂಪು ತುಕ್ಕು. ಉಪ್ಪುಗಾಳಿ ಗಾಡಿಯ ತಗಡನ್ನು ಹೀಗೆ ತಿಂದರೆ ಮನೆಯ ಕಬ್ಬಿಣವನ್ನು ಬಿಡುತ್ತದಾ? ಕಡಲ ಬದಿಯಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬೇರೆ. ಅದು ಬೇಡ ಅಂತಾಯಿತು. ಬ್ರಹ್ಮಾವರದ ಕಡೆ ಹೊಳೆ ಬದಿಯಲ್ಲಿ ಇನ್ನೊಂದು ಜಾಗ. ಮೇ ತಿಂಗಳಲ್ಲಿ ಅಲ್ಲಿಯ ಬಾವಿ ನೀರಿನಲ್ಲಿ ಚಹಾ ಮಾಡಿದರೆ ಹಾಲು ಒಡೆಯಿತು. ಹೊಳೆಯ ಹರಿವು ಕಡಿಮೆಯಾದಾಗ ಭರತದ (ಉಬ್ಬರದ) ಜೊತೆ ಕಡಲ ನೀರು ಒಳಗೆ ಬರುತ್ತದೆ, ಹತ್ತಿರದ ಬಾವಿಗಳಿಗೂ ಉಪ್ಪು ಇಳಿಯುತ್ತದೆ. ಬ್ರೋಕರ್ "ಮಳೆ ಬಂದರೆ ಸರಿಯಾಗ್ತದೆ ಮಾರಾಯ್ರೆ" ಅಂದರು. ಮಳೆ ಬಂದರೆ ಸರಿ, ಅದಕ್ಕೆ ಮೊದಲು ಏನು ಕುಡಿಯುವುದು?

ಹಿರಿಯಡ್ಕದ ಆಚೆಯ ಜಾಗಕ್ಕೆ ಕಡಲ ಗಾಳಿ ಇಲ್ಲ, ಸೆಕೆ ಜಾಸ್ತಿ. ಮುರಕಲ್ಲಿನ (ಕೆಂಪು ಕಲ್ಲಿನ) ನೆಲ. ಬಾವಿಯಲ್ಲಿ ಮೇ ಕೊನೆಗೂ ಕೊಡಪಾನ ಮುಳುಗುವಷ್ಟು ನೀರಿತ್ತು, ರುಚಿಯೂ ಚೆನ್ನಾಗಿತ್ತು. ಜುಲೈಯಲ್ಲಿ ಮೇಲಿನ ತೋಟದ ನೀರೆಲ್ಲ ಈ ಜಾಗದ ಮೂಡು ಬದಿಯಲ್ಲಿ ಹರಿದು ಹೋಗುವುದನ್ನು ಗಾಡಿಯೊಳಗಿಂದಲೇ ನೋಡಿದೆವು. ಮನೆಯನ್ನು ಪಡು ಬದಿಗೆ ಸರಿಸಿ ಪ್ಲಾನ್ ಮಾಡಿಸಿದ್ದು ಅದಕ್ಕೇ. ಪಕ್ಕದ ಮನೆಯ ಅಕ್ಕ ಒಂದು ದಿನ ಕೊಡೆ ಹಿಡಿದು ಬಂದು, "ಮನೆ ಕಟ್ಟುವ ಮೊದಲೇ ಒಕ್ಕಲಾದಿರಲ್ಲ!" ಅಂತ ನಕ್ಕರು. ಕನ್ವರ್ಷನ್ (ಕೃಷಿ ಜಾಗವನ್ನು ಮನೆ ಕಟ್ಟಲು ಬದಲಿಸುವುದು) ಆಗಿದೆಯಾ, 9/11 (ಪಂಚಾಯತಿನ ನಮೂನೆ 9 ಮತ್ತು 11ರ ದಾಖಲೆ) ಉಂಟಾ ಅಂತ ನೋಡಿದ ಮೇಲೆಯೇ ಅಡ್ವಾನ್ಸ್ ಕೊಟ್ಟೆವು.

ಮನೆ ಚಿಕ್ಕದು, ಕೆಂಪು ಕಲ್ಲು, ಹಂಚಿನ ಮಾಡು. ಕಟ್ಟುವಾಗಲೂ ಗಾಡಿಯಲ್ಲೇ ಇದ್ದುದರಿಂದ ಬಾಡಿಗೆ ಉಳಿಯಿತು, ಮೇಸ್ತ್ರಿಯ ಮೇಲೆ ಒಂದು ಕಣ್ಣೂ ಇತ್ತು. ಬ್ಯಾಟರಿ ಈಗ ಮನೆಯ ಇನ್ವರ್ಟರ್‌ಗೆ ಸೇರಿದೆ. ಗಾಡಿ ಮಾರಿಲ್ಲ, ಶೀಟಿನ ಶೆಡ್ಡಿನಲ್ಲಿದೆ. ವಾರಕ್ಕೊಮ್ಮೆ ಪರ್ಕಳದ ತನಕ ಓಡಿಸಿ ತರುತ್ತೇನೆ, ಇಲ್ಲದಿದ್ದರೆ ಬಾನೆಟ್ ಒಳಗೆ ಇಲಿ ಸಂಸಾರ ಹೂಡಿ ವೈರು ಕಡಿಯುತ್ತದೆ.