ಹಳೇ ಇ1 ಲೈನ್ ಅಂದರೆ ಎಷ್ಟು ಎಂಬಿಪಿಎಸ್?

ಕಲಬುರಗಿಯಲ್ಲಿ ಹಳೇ ಆಫೀಸಿನ ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಮೀಸಲು ಲೈನ್) ತೆಗೆಸಿ ಫೈಬರ್ ಹಾಕಿಸುವವರಿಗೆ ಈ ಲೆಕ್ಕ. ಹಳೇ ಕಾಗದದಲ್ಲಿ ‘ಇ1’ ಅಂತ ಇದ್ದರೆ, ಅದು ಆ ಲೈನಿನ ಬಗೆಯ ಹೆಸರು; ವೇಗ 2.048 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್).

ಇದು ಬಂದದ್ದು ಫೋನಿನಿಂದ. ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ, ಪ್ರತಿ ಅಳತೆಗೆ 8 ಬಿಟ್. ಹಾಗಾಗಿ ಒಂದು ಚಾನೆಲ್‌ಗೆ 64 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್). ಅಂಥ 32 ಸೇರಿದರೆ ಒಂದು ಇ1. ಮಾತಿಗೆ 30 ಚಾನೆಲ್, ಉಳಿದ ಎರಡು ಚಾನೆಲ್ ಲೈನನ್ನು ನಡೆಸೋದಕ್ಕೆ. ಎಷ್ಟು ಚೊಕ್ಕ ಲೆಕ್ಕ ನೋಡಿ! ಅಮೆರಿಕದಲ್ಲಿ ಇಂಥದೇ ಲೈನ್ ಟಿ1, ಅದರ ವೇಗ ಬೇರೆ, 1.544 ಎಂಬಿಪಿಎಸ್. ಎಸ್‌ಟಿಎಂ-1 ಅಂದರೆ ಇಂಥ ಹಲವು ಇ1ಗಳನ್ನು ಒಟ್ಟಿಗೆ ಸಾಗಿಸುವ ದೊಡ್ಡ ಲೈನ್, 155.52 ಎಂಬಿಪಿಎಸ್; ಅದರಲ್ಲಿ 63 ಇ1 ಹಿಡಿಯುತ್ತವೆ.

ಭಾಳ ಜನ ಎಡವುವುದು ಬಿಟ್, ಬೈಟ್ ನಡುವೆ. ಪ್ಲಾನ್ ಹೇಳುವುದು ಬಿಟ್‌ನಲ್ಲಿ, ಡೌನ್‌ಲೋಡ್ ಕಿಟಕಿ ತೋರಿಸುವುದು ಸಾಮಾನ್ಯವಾಗಿ ಬೈಟ್‌ನಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಬಿಟ್ ಲೆಕ್ಕವನ್ನು 8ರಿಂದ ಭಾಗಿಸಿ. ಇ1ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 256 ಕಿಲೋಬೈಟ್. 100 ಎಂಬಿ ಫೈಲಿಗೆ ಆರೂವರೆ ನಿಮಿಷ ಬೇಕು. 100 ಎಂಬಿಪಿಎಸ್ ಫೈಬರ್‌ನಲ್ಲಿ ಅದೇ ಫೈಲ್ ಎಂಟು ಸೆಕೆಂಡು. ನಿಜದಲ್ಲಿ ಸ್ವಲ್ಪ ಜಾಸ್ತಿ ಹಿಡಿಯುತ್ತದೆ.

ಇನ್ನೊಂದು ಮಾತು. ಇ1ನಲ್ಲಿ ಹೋಗುವ ವೇಗ, ಬರುವ ವೇಗ ಎರಡೂ ಒಂದೇ. ಹೊಸ ಪ್ಲಾನ್ ತಗೊಳ್ಳುವಾಗ ಅಪ್‌ಲೋಡ್ ಎಷ್ಟು ಅಂತ ಬೇರೆಯಾಗಿ ಕೇಳಿ, ಬರವಣಿಗೆಯಲ್ಲೇ ತಗೊಳ್ಳಿ.