ಏಪ್ರಿಲ್‌ನಲ್ಲಿ ನೂರು ಕಿಲೋಮೀಟರ್ ನಡೆಯೋಣ, ಡೊಳ್ಳು ಮಾತ್ರ ಬೇಡ

ನಾನು ತಿಂಗಳಲ್ಲಿ ಇಷ್ಟು ಕಿಲೋಮೀಟರ್ ನಡೆಯುತ್ತೇನೆ, ನೀವು ಕೈಲಾದಷ್ಟು ದುಡ್ಡು ಕೊಡಿ ಅಂತ ನೆಂಟರು, ಸ್ನೇಹಿತರ ಹತ್ತಿರ ಕೇಳುವುದು. ಬಂದದ್ದು ಆಟಿಸಂ ಇರುವವರ ಜೊತೆ ಕೆಲಸ ಮಾಡುವ ಸಂಸ್ಥೆಗೆ ಹೋಗುತ್ತದೆ. ವಿಷಯ ಇಷ್ಟೇ. ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ, ಹಾಗಾಗಿ ಆ ತಿಂಗಳೇ ಒಳ್ಳೆಯದು. ಮಳೆಗಾಲಕ್ಕೆ ಮುಂದೂಡಬೇಡಿ. ಜೂನ್ ಆದಮೇಲೆ ನಮ್ಮ ಮಲೆನಾಡಲ್ಲಿ ಹೆಜ್ಜೆ ಎಣಿಸೋದಕ್ಕಿಂತ ಕಾಲಿಗೆ ಹತ್ತಿದ ಉಂಬಳ ಎಣಿಸೋದೇ ಜಾಸ್ತಿ.

ಮೊದಲು ಲೆಕ್ಕ. 30 ದಿನಕ್ಕೆ 100 ಕಿ.ಮೀ. ಅಂದರೆ ದಿನಕ್ಕೆ ಮೂರೂವರೆಗಿಂತ ಸ್ವಲ್ಪ ಕಮ್ಮಿ, ಮುಕ್ಕಾಲು ಗಂಟೆಯ ಕೆಲಸ. ಹೆಜ್ಜೆಗೆ ಮುಕ್ಕಾಲು ಮೀಟರ್ ಹಿಡಿದರೆ ಒಟ್ಟು 1.33 ಲಕ್ಷ ಹೆಜ್ಜೆ. ಹೆಜ್ಜೆಗೆ ಒಂದು ಪೈಸೆ ಕೊಡಿ ಅಂತ ಕೇಳಿ ನೋಡಿ, ಜನ ನಕ್ಕು ಒಪ್ಪುತ್ತಾರೆ. ಆಮೇಲೆ ಅದು 1,330 ರೂಪಾಯಿ ಅಂತ ಗೊತ್ತಾಗುತ್ತದೆ!

ದುಡ್ಡು ನಿಮ್ಮ ಖಾತೆಗೆ ಬೇಡವೇ ಬೇಡ. ಊರಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು ಹೇಳಿ? ಸಂಸ್ಥೆಗೆ ಮೊದಲೇ ಹೋಗಿ ಬನ್ನಿ, ಈ ದುಡ್ಡಲ್ಲಿ ಏನು ಮಾಡುತ್ತೀರಿ ಅಂತ ಕೇಳಿ, ಅವರ ಕ್ಯೂಆರ್ ಕೋಡನ್ನೇ ಎಲ್ಲರಿಗೂ ಕಳಿಸಿ. ತೆರಿಗೆ ವಿನಾಯಿತಿ ಬೇಕು ಅನ್ನುವವರಿಗೆ ಸಂಸ್ಥೆ ಅದಕ್ಕಾಗಿ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ.

ಕೇಳುವಾಗ 'ಪಾಪ', 'ಕಾಯಿಲೆ' ಅನ್ನುವ ಮಾತು ಬಿಡಿ. ಆಟಿಸಂ ಅಂಟುವುದಲ್ಲ, ಮಾತ್ರೆಗೆ ಹೋಗುವುದೂ ಅಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಇದೆ. ದಾರಿಯಲ್ಲಿ ಅಂಥ ಮನೆಯವರು ಸಿಕ್ಕರೆ ಕೇಂದ್ರ ಸರ್ಕಾರದ 'ನಿರಾಮಯ' ಆರೋಗ್ಯ ವಿಮೆಯ ಬಗ್ಗೆ ಒಂದು ಮಾತು ಹೇಳಿ. ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆ, ಥೆರಪಿ ಖರ್ಚು ಸಿಗುತ್ತದೆ. ಹಳ್ಳಿಯಿಂದ ಬಸ್ಸು ಹತ್ತಿ ಥೆರಪಿಗೆ ಬರುವವರಿಗೆ ಅದು ಸಣ್ಣ ಮೊತ್ತವಲ್ಲ.

ದಾರಿ ನಿಮ್ಮಿಷ್ಟ. ಬೆಳಿಗ್ಗೆ ಆರಕ್ಕೇ ಹೊರಡಿ, ಒಂಬತ್ತರ ನಂತರ ಶಿವಮೊಗ್ಗದ ಬಿಸಿಲು ಬಿಡುವುದಿಲ್ಲ. ಮತ್ತೂರಿನ ಕಡೆ ತೋಟದ ತಂಪು ಸಿಗುತ್ತದೆ. ಆಗುಂಬೆ ಘಾಟಿ ಚೆಂದ ನಿಜ, ಆದರೆ ಆ ತಿರುವುಗಳಲ್ಲಿ ಬಸ್ಸಿಗೇ ಜಾಗ ಇಲ್ಲ, ಗುಂಪು ಕಟ್ಟಿಕೊಂಡು ಹೋಗಬೇಡಿ.

ಕೊನೆಯ ದಿನ ಎಲ್ಲರೂ ಸೇರಿ ಎರಡೇ ಕಿಲೋಮೀಟರ್ ನಡೆಯಿರಿ, ಆಟಿಸಂ ಇರುವವರನ್ನೂ ಕರೆಯಿರಿ, ಮಕ್ಕಳನ್ನಷ್ಟೇ ಅಲ್ಲ, ದೊಡ್ಡವರನ್ನೂ. ಇಲ್ಲೇ ನಾವು ಮೊದಲ ವರ್ಷ ಎಡವಿದ್ದು. ಡೊಳ್ಳು, ಮೈಕು, ಶಿಳ್ಳೆ, ಎಲ್ಲ ಇತ್ತು. ಮುಂದೆ ನಿಂತಿದ್ದ ಒಂಬತ್ತು ವರ್ಷದ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕಾರಿನ ಹಿಂದೆ ಹೋಗಿ ಕೂತುಬಿಟ್ಟ. ಅವರಮ್ಮ "ಪರವಾಗಿಲ್ಲ, ನೀವು ಹೊರಡಿ" ಅಂದರು. ಯಾರಿಗೋಸ್ಕರ ಹೊರಟಿದ್ದೆವೋ ಅವನನ್ನೇ ಬಿಟ್ಟು ಡೊಳ್ಳು ಬಾರಿಸಿಕೊಂಡು ಹೋದೆವು, ನೋಡಿ.

ಹಾಗಾಗಿ ಮೈಕು ಬೇಡ. ಟೀ ಶರ್ಟ್ ಕಡ್ಡಾಯ ಮಾಡಬೇಡಿ, ಕತ್ತಿನ ಹಿಂದಿನ ಲೇಬಲ್ ಚುಚ್ಚಿದರೇ ಕೆಲವರಿಗೆ ತಡೆಯಲಾಗುವುದಿಲ್ಲ. ಕೇಳದೆ ಫೋಟೊ ತೆಗೆಯಬೇಡಿ. ಸುಸ್ತಾದವರು ಸುಮ್ನೆ ಕೂರಲು ಗಲಾಟೆಯಿಲ್ಲದ ಒಂದು ಜಾಗ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ದಾರಿಯ ಫೋಟೊಗಳನ್ನು ವಾರ ಮೊದಲೇ ಅವರ ಮನೆಗೆ ಕಳಿಸಿ: ಇಲ್ಲಿ ಶುರು, ಇಲ್ಲಿ ಅರಳಿಮರ, ಇಲ್ಲಿ ಮಜ್ಜಿಗೆ, ಇಲ್ಲಿ ಮುಗಿಯಿತು. ಮುಂದೇನು ಅಂತ ಗೊತ್ತಿದ್ದರೆ ಎಷ್ಟೋ ಜನರಿಗೆ ಅರ್ಧ ಭಯ ಹೋಗುತ್ತದೆ.

ಮರುವರ್ಷ ಅದೇ ಹುಡುಗ ಆ ಫೋಟೊಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಂದ, ಒಂದೊಂದು ಜಾಗ ದಾಟಿದಾಗಲೂ ಪೆನ್ಸಿಲ್ಲಿನಲ್ಲಿ ಗೀಟು ಎಳೆದ. ಮಜ್ಜಿಗೆ ಹತ್ತಿರ ನಿಂತೇ ಬಿಟ್ಟ. ಬಿಸಿಲು ಅಂತ ನಾವು ಮೇಜನ್ನು ರಸ್ತೆಯ ಆಚೆ ಬದಿಗೆ ಇಟ್ಟಿದ್ದೆವು, ಫೋಟೊದಲ್ಲಿ ಈಚೆ ಇತ್ತು. ಅವನು ಮಾತಾಡಲಿಲ್ಲ, ಫೋಟೊವನ್ನು ನನ್ನ ಮುಖಕ್ಕೆ ಹಿಡಿದ. ನಾಲ್ಕು ಜನ ಸೇರಿ ಮೇಜು, ಕೊಳಗ, ಲೋಟ ಎಲ್ಲ ಎತ್ತಿ ಈಚೆ ತಂದು ಇಟ್ಟೆವು. ಗೀಟು ಎಳೆದ, ಎರಡು ಲೋಟ ಮಜ್ಜಿಗೆ ಕುಡಿದ, ಹೊರಟ.