ನನ್ನ ದೋಸೆ ಹಿಟ್ಟನ್ನು ಉಬ್ಬಿಸುವವರು ಯಾರು?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಏಳು ವರ್ಷದಿಂದ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದೇನೆ. ಬೆಣ್ಣೆ ದೋಸೆ ಊರಲ್ಲಿ ಹಿಟ್ಟು ಮಾರುವುದು ಅಂದರೆ ದಿನವೂ ಪರೀಕ್ಷೆಗೆ ಕೂತ ಹಾಗೆ. ದೋಸೆ ಹೇಗಿರಬೇಕು ಅಂತ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೈತುಂಬಾ ಸಣ್ಣ ಸಣ್ಣ ತೂತು. ತೂತು ಬರಲಿಲ್ಲ ಅಂದರೆ ಮರುದಿನವೇ ಗಿರಾಕಿ ಬಾಗಿಲಿಗೆ ಬರುತ್ತಾರೆ.

ಮೊದಲ ಐದು ವರ್ಷ ಅತ್ತೆ ಹೇಳಿಕೊಟ್ಟ ಅಳತೆಯಲ್ಲೇ ನಡೆಯಿತು. ನಾಲ್ಕು ಸೇರು ದೋಸೆ ಅಕ್ಕಿಗೆ ಒಂದು ಸೇರು ಉದ್ದಿನಬೇಳೆ, ನಾಲ್ಕು ಚಮಚ ಮೆಂತ್ಯ. ರುಬ್ಬುವಾಗ ನೆನೆಸಿ ಹಿಂಡಿದ ಮಂಡಕ್ಕಿ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಉಬ್ಬಿರುತ್ತಿತ್ತು. ಯಾಕೆ ಉಬ್ಬುತ್ತದೆ ಅಂತ ನಾನು ಕೇಳಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ, ಡಿಸೆಂಬರ್‌ನ ಒಂದು ಭಾನುವಾರ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮುಚ್ಚಳ ತೆಗೆದೆ. ರಾತ್ರಿ ಎಲ್ಲಿತ್ತೋ ಹಿಟ್ಟು ಅಲ್ಲೇ ಇತ್ತು. ಒಂದು ಗುಳ್ಳೆ ಇಲ್ಲ, ಹುಳಿ ವಾಸನೆ ಇಲ್ಲ. ಮೂವತ್ತೆರಡು ಮನೆಗೆ ಹಿಟ್ಟು ಕೊಡಬೇಕಿತ್ತು. ಸೋಡಾ ಹಾಕಿ ಕೊಟ್ಟುಬಿಡು ಅಂತ ಒಬ್ಬರು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಎಲ್ಲರಿಗೂ ಫೋನ್ ಮಾಡಿ ಇವತ್ತು ಹಿಟ್ಟಿಲ್ಲ ಅಂದೆ. ಅವತ್ತು ತುಂಬಾ ಬೇಜಾರಾಗಿತ್ತು.

ಮಗಳು ಆಗ ಬಿ.ಎಸ್ಸಿ. ಮೊದಲ ವರ್ಷ. ಮೈಕ್ರೋಬಯಾಲಜಿ ಅವಳ ಒಂದು ವಿಷಯ. ಅವಳೇ ಕೇಳಿದಳು: "ಅಮ್ಮ, ಹಿಟ್ಟನ್ನ ಉಬ್ಬಿಸೋದು ಯಾರು ಗೊತ್ತಾ?" ಗಾಳಿಯಿಂದ ಏನೋ ಬಂದು ಸೇರುತ್ತದೆ ಅಂದೆ. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅವಳು ತನ್ನ ನೋಟ್ಸ್ ತೆಗೆದು ಓದಿದಳು. ಹಿಟ್ಟನ್ನು ಹುಳಿ ಬರಿಸುವ ಬ್ಯಾಕ್ಟೀರಿಯಾ ಮುಖ್ಯವಾಗಿ ಬೇಳೆ, ಅಕ್ಕಿಯ ಜೊತೆಯಲ್ಲೇ ಬಂದಿರುತ್ತವೆ. 1965ರಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮತ್ತು ಜೊತೆಗಾರರು ಇಡ್ಲಿ ಹಿಟ್ಟಿನ ಮೇಲೆ ಕೆಲಸ ಮಾಡಿ ಇದನ್ನು ಬರೆದಿದ್ದಾರೆ. ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾದ ಹೆಸರು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಅದು ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಹುಳಿ ಬರುವುದು ಅದರಿಂದ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಉಬ್ಬುವುದು ಅದರಿಂದ. ಉದ್ದಿನಲ್ಲಿರುವ ಲೋಳೆ ಆ ಅನಿಲವನ್ನು ಹಿಡಿದಿಡುತ್ತದೆ. ಅಕ್ಕಿ ಒಂದನ್ನೇ ರುಬ್ಬಿಟ್ಟರೆ ಹುಳಿ ಬರುತ್ತದೆ, ಆದರೆ ಹೀಗೆ ಉಬ್ಬಿ ನಿಲ್ಲುವುದಿಲ್ಲ. ನನ್ನ ದೋಸೆಯ ಒಂದೊಂದು ತೂತೂ ಆ ಬ್ಯಾಕ್ಟೀರಿಯಾ ಬಿಟ್ಟ ಉಸಿರು ಅಂತ ಗೊತ್ತಾದಾಗ ಮೈ ಜುಮ್ ಅಂದಿತು.

ನನಗೆ ಅವುಗಳನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಮಗಳು ಕಾಲೇಜಿನಲ್ಲಿ ಕೇಳಿದಳು. ಮೇಡಂ ಒಪ್ಪಿದರು. ಒಂದು ಶನಿವಾರ ಸ್ಟೀಲ್ ಡಬ್ಬಿಯಲ್ಲಿ ಹಿಟ್ಟು ತಗೊಂಡು ಲ್ಯಾಬಿಗೆ ಹೋದೆ.

ಮೊದಲ ಸ್ಲೈಡಿನಲ್ಲಿ ಬರೀ ಹಿಟ್ಟಿನ ಕಣಗಳೇ ಕಂಡವು. ಮೇಡಂ ಹಿಟ್ಟನ್ನು ನೀರಿನಲ್ಲಿ ತೆಳುವಾಗಿ ಕಲಸಿ, ಕಣ ತಳಕ್ಕೆ ಕೂರುವ ತನಕ ಹಾಗೇ ಬಿಟ್ಟು, ಮೇಲಿನ ತಿಳಿಯ ಒಂದು ಹನಿಯನ್ನು ಗಾಜಿನ ಮೇಲೆ ಹರಡಿದರು. ಅದು ಒಣಗಿದ ಮೇಲೆ ದೀಪದ ಮೇಲೆ ಆಡಿಸಿ, ನೇರಳೆ ಬಣ್ಣ ಹಾಕಿ, ಅಯೋಡಿನ್ ಹಾಕಿ, ಆಲ್ಕೊಹಾಲ್‌ನಲ್ಲಿ ತೊಳೆದು, ಕೊನೆಗೆ ಕೆಂಪು ಬಣ್ಣ ಹಾಕಿದರು. ಇದಕ್ಕೆ ಗ್ರಾಮ್ ಬಣ್ಣ ಅಂತಾರೆ. ಡೆನ್ಮಾರ್ಕ್‌ನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ವಿಧಾನವನ್ನೇ ಇವತ್ತಿಗೂ ಮಕ್ಕಳು ಕಲಿಯುತ್ತಾರೆ. ಗೋಡೆ ದಪ್ಪ ಇರುವ ಬ್ಯಾಕ್ಟೀರಿಯಾ ನೇರಳೆ ಬಣ್ಣವನ್ನು ಬಿಡುವುದಿಲ್ಲ. ಗೋಡೆ ತೆಳು ಇರುವವು ಅದನ್ನು ಬಿಟ್ಟು ಕೆಂಪು ಹಿಡಿಯುತ್ತವೆ.

ಗಾಜಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ಸಾವಿರ ಪಟ್ಟು ದೊಡ್ಡದಾಗಿ ನೋಡಿದೆ. ನೇರಳೆ ಚುಕ್ಕಿಗಳು. ಎರಡೆರಡು ಜೋಡಿಯಾಗಿ, ಕೆಲವು ಕಡೆ ಮಣಿಸರದ ಹಾಗೆ ಸಾಲಾಗಿ. ನಡುವೆ ಅಲ್ಲಲ್ಲಿ ಸಣ್ಣ ಕಡ್ಡಿಯಂಥವೂ ಇದ್ದವು. ಬರೀ ಆಕಾರ ನೋಡಿ ಹೆಸರು ಹೇಳುವುದಕ್ಕೆ ಆಗುವುದಿಲ್ಲ, ಆದರೆ ಲ್ಯೂಕೊನಾಸ್ಟಾಕ್ ಹೀಗೇ ಕಾಣುತ್ತದೆ ಅಂತ ಮೇಡಂ ಹೇಳಿದರು. ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಐದು ವರ್ಷ ನನ್ನ ಜೊತೆ ದುಡಿದವರ ಮುಖವನ್ನು ಅವತ್ತು ಮೊದಲ ಸಲ ನೋಡಿದೆ. ಸೂಕ್ಷ್ಮಜೀವಿಗಳನ್ನು ಹೀಗೆ ಮಸೂರದಲ್ಲಿ ನೋಡಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬ ಹಾಲೆಂಡಿನ ಲೇವನ್‌ಹುಕ್. 1670ರ ದಶಕದಲ್ಲಿ. ಅವನು ಓದಿದ ವಿಜ್ಞಾನಿ ಅಲ್ಲ, ಬಟ್ಟೆ ವ್ಯಾಪಾರಿ. ಮೇಡಂ ಇದನ್ನು ಹೇಳಿದಾಗ ನನಗೂ ಧೈರ್ಯ ಬಂತು.

ಹಿಟ್ಟು ಯಾಕೆ ಉಬ್ಬಲಿಲ್ಲ ಅನ್ನುವುದಕ್ಕೆ ಮೇಡಂ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಬ್ಯಾಕ್ಟೀರಿಯಾ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಜೋರಾಗಿ ಬೆಳೆಯುವಂಥವು ಒಳ್ಳೆ ವಾತಾವರಣದಲ್ಲಿ 20 ನಿಮಿಷಕ್ಕೆ ಒಮ್ಮೆ ಎರಡರಷ್ಟಾಗಬಲ್ಲವು. ಹಾಗಾದರೆ ಹತ್ತು ಗಂಟೆಯಲ್ಲಿ ಒಂದು ಹೋಗಿ ನೂರು ಕೋಟಿ ದಾಟುತ್ತದೆ. ಅದೇ ಚಳಿಗೆ ಗಂಟೆಗೆ ಒಮ್ಮೆ ಮಾತ್ರ ಎರಡರಷ್ಟಾದರೆ? ಹತ್ತು ಗಂಟೆಗೆ 1,024, ಅಷ್ಟೇ. ಹಿಟ್ಟಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ ನಿಜ. ಆದರೂ ಡಿಸೆಂಬರ್ ರಾತ್ರಿ ನನ್ನ ಅಡುಗೆಮನೆಯಲ್ಲಿ ಏನಾಯಿತು ಅಂತ ಆ ಎರಡು ಸಂಖ್ಯೆ ನೋಡಿಯೇ ಅರ್ಥವಾಯಿತು.

ಮನೆಗೆ ಬಂದು ಒಂದು ಥರ್ಮಾಮೀಟರ್ ತಂದೆ. ಒಂದು ನೋಟ್‌ಬುಕ್ ಇಟ್ಟೆ. ಪಿಎಚ್ ಕಾಗದದ ಒಂದು ಪುಸ್ತಕವನ್ನು ಮಗಳು ತಂದುಕೊಟ್ಟಳು. ಹುಳಿ ಎಷ್ಟಿದೆ ಅಂತ ಅದರ ಬಣ್ಣ ತೋರಿಸುತ್ತದೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಆಮೇಲೆ ಎರಡು ತಿಂಗಳು ದಿನವೂ ಒಂದು ಸಣ್ಣ ಪಾತ್ರೆಯಲ್ಲಿ ಏನಾದರೂ ಒಂದನ್ನು ಬದಲಾಯಿಸಿ ನೋಡಿದೆ. ಒಂದು ಸಲಕ್ಕೆ ಒಂದೇ. ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ ಅಂತ ಮಗಳು ಮೊದಲೇ ಎಚ್ಚರಿಸಿದ್ದಳು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಬಿಸಿ. ಹಿಟ್ಟು 28ರಿಂದ 30 ಡಿಗ್ರಿಯಲ್ಲಿದ್ದರೆ ನನಗೆ ಹತ್ತು ಗಂಟೆಯಲ್ಲಿ ಸರಿಯಾಗಿ ಬರುತ್ತದೆ. ಚಳಿಗಾಲಕ್ಕೆ ಈಗ ದೊಡ್ಡ ಥರ್ಮೋಕೋಲ್ ಪೆಟ್ಟಿಗೆ ಇದೆ. ಅದರೊಳಗೆ ಹಿಟ್ಟಿನ ಪಾತ್ರೆ, ಪಕ್ಕದಲ್ಲಿ ಎರಡು ಬಾಟಲಿ ಬಿಸಿನೀರು. ಮಲಗುವ ಮುಂಚೆ ನೀರು ಒಮ್ಮೆ ಬದಲಾಯಿಸುತ್ತೇನೆ.

ಬೇಳೆ ನೆನೆಸಿದ ನೀರಿನದು ಇನ್ನೊಂದು ಕಥೆ. ಮೊದಲು ನಾನು ಬೇಳೆಯನ್ನು ನೆನೆಸಿದ ಮೇಲೆ ನಾಲ್ಕೈದು ಸಲ ತೊಳೆದು, ಆ ನೀರೆಲ್ಲ ಚೆಲ್ಲಿ, ನಲ್ಲಿ ನೀರು ಹಾಕಿ ರುಬ್ಬುತ್ತಿದ್ದೆ. ಶುದ್ಧ ಆಗಲಿ ಅಂತ. ಬೇಕಾದ ಬ್ಯಾಕ್ಟೀರಿಯಾ ಬೇಳೆಯ ಜೊತೆಯಲ್ಲೇ ಬರುತ್ತವೆ ಅಂದಮೇಲೆ ನಾನು ಅವನ್ನೇ ಚೆಲ್ಲುತ್ತಿದ್ದೆ, ಅಲ್ವಾ? ಮೇಲಾಗಿ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದನ್ನು ಹಾಕುವುದೇ ಬ್ಯಾಕ್ಟೀರಿಯಾ ಸಾಯಲಿ ಅಂತ. ಈಗ ನೆನೆಸುವ ಮುಂಚೆ ಚೆನ್ನಾಗಿ ತೊಳೆಯುತ್ತೇನೆ. ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ, ಅದೇ ನೀರಿನಲ್ಲಿ ರುಬ್ಬುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನೆನೆಸಿದ ನೀರಿನ ಹಿಟ್ಟು ನನ್ನ ಅಡುಗೆಮನೆಯಲ್ಲಿ ಒಂದೂವರೆ ಗಂಟೆ ಮುಂಚೆ ಎದ್ದಿತ್ತು.

ಹಳೆ ಹಿಟ್ಟು ಒಂದು ಸೌಟು ಸೇರಿಸಿದರೆ ಬೇಗ ಬರುತ್ತದೆ ಅಂತಾರೆ. ಬರುತ್ತದೆ ನಿಜ. ಆದರೆ ಹುಳಿ ಜಾಸ್ತಿ, ಉಬ್ಬು ಕಡಿಮೆ. ಹಿಟ್ಟು ಹುಳಿಯಾಗುತ್ತಾ ಹೋದ ಹಾಗೆ ಲ್ಯೂಕೊನಾಸ್ಟಾಕ್ ಹಿಂದೆ ಸರಿಯುತ್ತದೆ, ಹುಳಿಯನ್ನು ಚೆನ್ನಾಗಿ ತಡೆಯುವ ಬೇರೆ ಬ್ಯಾಕ್ಟೀರಿಯಾ ಮುಂದೆ ಬರುತ್ತವೆ. ಹಳೆ ಹಿಟ್ಟಿನಲ್ಲಿ ಇರುವುದು ಹೆಚ್ಚಾಗಿ ಅವೇ. ನಾನು ಈಗ ಹಳೆಯದನ್ನು ಸೇರಿಸುವುದೇ ಇಲ್ಲ.

ಕೈಯಲ್ಲೇ ಕಲಸಬೇಕು, ಕೈ ಗುಣದಿಂದ ಉಬ್ಬುತ್ತದೆ ಅನ್ನುವವರೂ ಇದ್ದಾರೆ. ಹಿರಿಯರ ಮಾತು, ಸುಮ್ನೆ ತಳ್ಳಿಹಾಕಬಾರದು ಅಂತ ನಾಲ್ಕು ದಿನ ಪರೀಕ್ಷೆ ಮಾಡಿದೆ. ಕೈಯಲ್ಲಿ ಕಲಸಿದ್ದೂ ಸೌಟಿನಲ್ಲಿ ಕಲಸಿದ್ದೂ ಒಂದೇ ಸಮ ಬಂತು. ನಮ್ಮ ಚರ್ಮ, ಮೂಗಿನಲ್ಲಿ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಒಂದು ಜಾತಿ ಆಹಾರದಲ್ಲಿ ಬೆಳೆದರೆ ವಿಷ ಬಿಡುತ್ತದೆ, ಬೇಯಿಸಿದರೂ ಆ ವಿಷ ಸುಲಭವಾಗಿ ಹೋಗುವುದಿಲ್ಲ. ಊರಿಗೆಲ್ಲ ಕೊಡುವ ಹಿಟ್ಟಿಗೆ ಕೈ ಹಾಕುವುದು ಬೇಡ ಅಂತ ನಿರ್ಧಾರ ಮಾಡಿದೆ. ಮನೆಮಟ್ಟಿಗೆ ಮಾಡಿಕೊಳ್ಳುವವರು ಕೈ ತೊಳೆದು ಕಲಸಲಿ, ಅದು ಅವರ ಇಷ್ಟ.

ಬೇಸಿಗೆ ಬಂದಾಗ ಕಷ್ಟ ತಿರುಗಿಬಿತ್ತು. ಏಪ್ರಿಲ್‌ನಲ್ಲಿ ಐದಾರು ಗಂಟೆಗೇ ಹಿಟ್ಟು ಪಾತ್ರೆ ದಾಟಿ ಸುರಿಯುತ್ತಿತ್ತು. ಪ್ಯಾಕೆಟ್ ಮಾಡಿ ಕೊಟ್ಟರೆ ಗಿರಾಕಿಗಳ ಫ್ರಿಜ್‌ನಲ್ಲಿ ಬಲೂನಿನ ಹಾಗೆ ಉಬ್ಬಿ, ಎರಡು ಮನೆಯಲ್ಲಿ ಒಡೆದೂ ಹೋಯಿತು. ಫ್ರಿಜ್‌ನಲ್ಲಿಟ್ಟರೆ ಎಲ್ಲ ನಿಂತುಹೋಗುತ್ತದೆ ಅಂತ ನಾನು ನಂಬಿದ್ದೆ. ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಲ್ಯೂಕೊನಾಸ್ಟಾಕ್ ತಂಪಿನಲ್ಲೂ ಬೆಳೆಯಬಲ್ಲದು. ಈಗ ಬೇಸಿಗೆಯಲ್ಲಿ ಐಸ್ ನೀರು ಹಾಕಿ ರುಬ್ಬುತ್ತೇನೆ, ಗ್ರೈಂಡರ್ ತಿರುಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ. ಪಿಎಚ್ 6ರ ಹತ್ತಿರ ಶುರುವಾಗಿ 4.5ರ ಹತ್ತಿರ ಬಂದ ತಕ್ಷಣ ಫ್ರಿಜ್‌ಗೆ. ತಣ್ಣಗಾದ ಮೇಲೆ, ಮೇಲೆ ಜಾಗ ಬಿಟ್ಟು ಡಬ್ಬಿಗೆ ತುಂಬುತ್ತೇನೆ. ಪ್ಲಾಸ್ಟಿಕ್ ಪ್ಯಾಕೆಟ್ ಬಿಟ್ಟೆ.

ಒಮ್ಮೆ ಪಾತ್ರೆಯ ಅಂಚಿನಲ್ಲಿ ಗುಲಾಬಿ ಬಣ್ಣದ ಕಲೆ ಕಂಡಿತು. ಇಂಥ ಬಣ್ಣ ಬರಿಸುವ ಬ್ಯಾಕ್ಟೀರಿಯಾನೂ ಇವೆ, ಯೀಸ್ಟೂ ಇವೆ. ಯಾವುದು ಅಂತ ಕೂತು ಯೋಚಿಸಲಿಲ್ಲ. ಹಿಟ್ಟು ಪೂರ್ತಿ ಚೆಲ್ಲಿ, ಪಾತ್ರೆ ಕುದಿಸಿ, ಗ್ರೈಂಡರಿನ ಕಲ್ಲು ಬಿಚ್ಚಿ ಉಜ್ಜಿದೆ.

ಇಷ್ಟೆಲ್ಲ ಕಲಿತ ಮೇಲೂ ನನಗೆ ನಿಜವಾಗಿ ಭಯ ಆಗಿದ್ದು ಹಿಟ್ಟಿನಿಂದ ಅಲ್ಲ, ಅನ್ನದಿಂದ. ಹೋದ ಬೇಸಿಗೆಯಲ್ಲಿ ನೆಂಟರು ಬಂದಿದ್ದರು. ಮಧ್ಯಾಹ್ನದ ಅನ್ನ ಉಳಿದಿತ್ತು. ಪಾತ್ರೆಯಲ್ಲೇ ಮುಚ್ಚಿಟ್ಟು ರಾತ್ರಿ ಚಿತ್ರಾನ್ನ ಮಾಡಿದೆ. ಚೆನ್ನಾಗಿ ಬಿಸಿ ಮಾಡಿದ್ದೆ. ಎರಡು ಮೂರು ಗಂಟೆಯೊಳಗೆ ಇಬ್ಬರು ಮಕ್ಕಳಿಗೆ ವಾಂತಿ ಶುರುವಾಯಿತು. ಡಾಕ್ಟರ್ ಹತ್ತಿರ ಓಡಿದೆವು. ಬೆಳಿಗ್ಗೆ ಹೊತ್ತಿಗೆ ಸುಧಾರಿಸಿಕೊಂಡರು. ಅನ್ನದಿಂದಲೇ ಆಯಿತು ಅಂತ ಪರೀಕ್ಷೆ ಯಾರೂ ಮಾಡಲಿಲ್ಲ. ಆದರೆ ಡಾಕ್ಟರ್ ಮೊದಲು ಕೇಳಿದ್ದೇ ಅನ್ನ ಎಷ್ಟು ಹೊತ್ತು ಹೊರಗಿತ್ತು ಅಂತ.

ಮಗಳನ್ನು ಕೇಳಿದಾಗ ಬ್ಯಾಸಿಲಸ್ ಸೀರಿಯಸ್ ಬಗ್ಗೆ ಹೇಳಿದಳು. ಮಣ್ಣಿನಲ್ಲಿರುವ ಈ ಬ್ಯಾಕ್ಟೀರಿಯಾ ಅಕ್ಕಿಯ ಜೊತೆಗೂ ಬರುತ್ತದೆ. ಕಷ್ಟಕಾಲಕ್ಕೆ ಗಟ್ಟಿ ಕವಚದ ಬೀಜಾಣುವಾಗಿ ಕೂರುತ್ತದೆ. ಅನ್ನ ಕುದಿಸಿದರೂ ಬೀಜಾಣು ಸಾಯದೆ ಉಳಿಯಬಹುದು. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಹೊರಗಿದ್ದರೆ ಅದು ಮತ್ತೆ ಬೆಳೆಯುತ್ತದೆ, ಅವುಗಳಲ್ಲಿ ಕೆಲವು ಬ್ಯಾಕ್ಟೀರಿಯಾ ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬಿಸಿ ಮಾಡಿದ್ದೇನಲ್ಲ, ಏನೂ ಆಗಲ್ಲ ಅನ್ನುವ ನನ್ನ ನಂಬಿಕೆ ಇಲ್ಲೇ ತಪ್ಪಿತ್ತು. ಹಿಟ್ಟಿಗೆ ಅದರ ಹುಳಿಯೇ ಕಾವಲು. ಅಷ್ಟು ಹುಳಿಯಲ್ಲಿ ರೋಗ ತರುವ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಬೆಳೆಯುವುದು ಕಷ್ಟ. ಅನ್ನಕ್ಕೆ ಆ ಕಾವಲು ಇಲ್ಲ. ಈಗ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡುತ್ತೇನೆ. ಹಿಟ್ಟು ಕೊಳ್ಳಲು ಬರುವ ಹೆಂಗಸರಿಗೆಲ್ಲ ಇದನ್ನು ಹೇಳುತ್ತೇನೆ, ಕೇಳದಿದ್ದರೂ.

ಅತ್ತೆ ಇದನ್ನೆಲ್ಲ ಕೂತು ಕೇಳುತ್ತಾರೆ. ನಮ್ಮ ಮನೆಯ ಬೆಣ್ಣೆ ಅವರ ಕೈದು. ಹೆಪ್ಪು ಹಾಕಿ, ಕೆನೆ ಮೊಸರು ಕಡೆದು ತೆಗೆಯುವುದು. ಬೆಣ್ಣೆಯ ಪರಿಮಳಕ್ಕೆ ಮುಖ್ಯ ಕಾರಣ ಡೈಅಸಿಟೈಲ್ ಅನ್ನುವ ವಸ್ತು, ಅದನ್ನು ತಯಾರಿಸುವ ಬ್ಯಾಕ್ಟೀರಿಯಾಗಳಲ್ಲಿ ಲ್ಯೂಕೊನಾಸ್ಟಾಕ್ ಬಳಗದವೂ ಇವೆ ಅಂತ ಮಗಳು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಂಗಾರೆ ದೋಸೆ ಒಳಗೂ ಅದೇ, ದೋಸೆ ಮೇಲಿನ ಬೆಣ್ಣೆಗೂ ಅದೇನಾ?" ನಮ್ಮ ಮೊಸರಿನಲ್ಲಿ ಇದೆಯೋ ಇಲ್ಲವೋ ನೋಡಿದರೇ ಗೊತ್ತಾಗೋದು ಅಜ್ಜಿ ಅಂದಳು ಮಗಳು. ಮೇಡಂ ಹತ್ತಿರ ಕೇಳಿದ್ದಾಳೆ. ಪರೀಕ್ಷೆ ಮುಗಿದ ಮೇಲೆ ಅಜ್ಜಿಯನ್ನೂ ಅವರ ಮೊಸರನ್ನೂ ಕರೆದುಕೊಂಡು ಬಾ ಅಂದಿದ್ದಾರಂತೆ. ಅತ್ತೆ ಈಗಲೇ ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.